ಕಡ್ಡಿಯಿಂದ ಕುಂಟೆಯವರೆಗೆ

ನಾನು ಸಾಗರದ ಅಕ್ಕನ ಮನೆ ತಲುಪುವ ಹೊತ್ತಿಗೆ ಕಂಪ್ಯೂಟರಿನ ಪರದೆ ಶೇ. 67ಕ್ಕೆ ಬಂದು ನಿಂತಿತ್ತು. ಹತ್ತು ವರ್ಷ ಹಳೆಯ ಯಂತ್ರ. ಹೊಸ ಎಸ್‌ಎಸ್‌ಡಿ ಕೂರಿಸಿ ವಿಂಡೋಸ್ 10 ಹಾಕಿಕೊಂಡರೆ ಇನ್ನೂ ಕೆಲವು ವರ್ಷ ಬಾಳಿಕೆ ಬರುತ್ತದೆ ಎಂದು ಫೋನಿನಲ್ಲಿ ಹೇಳಿದವನು ನಾನೇ. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ ಅದರಲ್ಲಿರಲಿಲ್ಲ. ಪಿಯುಸಿ ಓದುತ್ತಿದ್ದ ಅಕ್ಕನ ಮಗ ಬೆಳಗಿನಿಂದ ಮೂರು ಸಲ ಪ್ರಯತ್ನಿಸಿದ್ದ. ಒಮ್ಮೆ 84ಕ್ಕೆ ನಿಂತಿತು, ಇನ್ನೊಮ್ಮೆ 31ಕ್ಕೆ, ಈಗ 67ಕ್ಕೆ. ಮೂರು ಸಲವೂ ಒಂದೇ ಮಾತು: ಬೇಕಾದ ಕಡತಗಳು ಕೆಟ್ಟಿವೆ ಅಥವಾ ಸಿಗುತ್ತಿಲ್ಲ. ಕೊನೆಯಲ್ಲಿ ಒಂದು ಸಂಖ್ಯೆ, 0ಎಕ್ಸ್80070570.

ಅವನು ಆ ಮೂರು ಅಂಕಿಗಳನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದ. ಇದನ್ನು ಬರೆದಿಡದೇ ಹೋಗಿದ್ದರೆ ನಮ್ಮ ಹುಡುಕಾಟ ಇನ್ನೊಂದು ದಿನ ಹಿಡಿಯುತ್ತಿತ್ತು.

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು: "ಅಪ್ಪನ ಫೋಟೋ ಎಲ್ಲಾ ಅದರಲ್ಲೇ ಇದೆ ಕಣೋ. ಏನೂ ಆಗಲ್ಲ ತಾನೆ?"

ನಾನು ಮೊದಲು ಮಾಡಿದ ಕೆಲಸ ಯಂತ್ರ ಆರಿಸಿ, ಪ್ಲಗ್ ಕಿತ್ತು, ಡಬ್ಬಿ ಬಿಚ್ಚಿ, ಫೋಟೋಗಳಿದ್ದ ಹಳೆಯ ಹಾರ್ಡ್‌ಡಿಸ್ಕಿನ ಎರಡೂ ಕೇಬಲ್ ತೆಗೆದದ್ದು. ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕುವ ತಂತ್ರಾಂಶ ಡಿಸ್ಕುಗಳನ್ನು ನಮ್ಮ ಹಾಗೆ ಗುರುತಿಸುವುದಿಲ್ಲ. ಡ್ರೈವ್ 0, ಡ್ರೈವ್ 1 ಎಂದು ಪಟ್ಟಿ ಮಾಡಿ ಪಕ್ಕದಲ್ಲಿ ಗಾತ್ರ ಬರೆಯುತ್ತದೆ, ಅಷ್ಟೆ. ಯಾವುದರಲ್ಲಿ ಅಪ್ಪನ ಫೋಟೋ ಇದೆ, ಯಾವುದು ಖಾಲಿ ಎಂಬುದು ಅದಕ್ಕೆ ಬೇಕಿಲ್ಲದ ಸಂಗತಿ. ಡಿಲೀಟ್ ಒತ್ತಿದರೆ ಒಂದು ಸಲ ಎಚ್ಚರಿಸುತ್ತದೆ. ನಾಲ್ಕು ಗಂಟೆ ಹೆಣಗಿ ಕಣ್ಣು ಕೆಂಪಾದವರು ಆ ಎಚ್ಚರಿಕೆಯನ್ನು ಓದುವುದಿಲ್ಲ. ಕೇಬಲ್ಲೇ ಇಲ್ಲದ ಡಿಸ್ಕನ್ನು ಮಾತ್ರ ಯಾರೂ ಅಳಿಸಲಾರರು.

ಇನ್ನು ಯಂತ್ರದ ವಿಷಯ. ಕಂಪ್ಯೂಟರ್ ಏಳುವುದನ್ನು ಇಂಗ್ಲಿಷಿನವರು ಬೂಟ್ ಎನ್ನುತ್ತಾರೆ. ಬೂಟಿನ ಹಿಂದಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಮಾತಿನಿಂದ ಬಂದ ಪದ ಅದು. ನನಗೆ ಅದಕ್ಕಿಂತ ನಮ್ಮ ಬಚ್ಚಲೊಲೆಯೇ ಒಳ್ಳೆಯ ಹೋಲಿಕೆ ಅನ್ನಿಸುತ್ತದೆ. ಕುಂಟೆಗೆ, ಅಂದರೆ ದಪ್ಪ ಸೌದೆಗೆ, ಯಾರೂ ಬೆಂಕಿಕಡ್ಡಿ ಹಿಡಿಯುವುದಿಲ್ಲ. ಕಡ್ಡಿ ಒಣ ಸೋಗೆಯನ್ನು ಹೊತ್ತಿಸುತ್ತದೆ, ಸೋಗೆ ಚಕ್ಕೆಯನ್ನು, ಚಕ್ಕೆ ಕುಂಟೆಯನ್ನು. ಕಡ್ಡಿಗೆ ಕುಂಟೆಯ ಪರಿಚಯವಿಲ್ಲ, ಸೋಗೆಯ ಪರಿಚಯ ಇದ್ದರೆ ಸಾಕು. ಒಲೆ ಹತ್ತಿಕೊಳ್ಳದೆ ಆರಿಹೋದಾಗ ನಮ್ಮ ಅಜ್ಜಿ ಬಗ್ಗಿ ನೋಡುತ್ತಿದ್ದದ್ದು ಒಂದನ್ನೇ, ಕರಕು ಎಲ್ಲಿಯವರೆಗೆ ಬಂದಿದೆ ಎಂದು. ಸೋಗೆ ಸುಟ್ಟು ಚಕ್ಕೆ ಹಸಿಯಾಗಿಯೇ ಇದ್ದರೆ ತಪ್ಪು ಕಡ್ಡಿಯದ್ದಲ್ಲ.

ಕಂಪ್ಯೂಟರಿನಲ್ಲಿ ಕಡ್ಡಿ ಗೀರುವುದು ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ಕೂತಿರುವ ಪುಟ್ಟ ತಂತ್ರಾಂಶ. 1981ರ ಐಬಿಎಂ ಪಿಸಿಯ ಕಾಲದಿಂದ ಇದನ್ನು ಬಯೋಸ್ ಎನ್ನುತ್ತ ಬಂದಿದ್ದೇವೆ. ವಿದ್ಯುತ್ ಹರಿದ ಕೂಡಲೇ ಪ್ರೊಸೆಸರ್ ಒಂದು ಗೊತ್ತಾದ ವಿಳಾಸಕ್ಕೆ ಹೋಗಿ ಅಲ್ಲಿರುವ ಆಜ್ಞೆಯನ್ನು ಓದುತ್ತದೆ. ಆ ವಿಳಾಸದಲ್ಲಿ ಬಯೋಸ್ ಇರುತ್ತದೆ. ಆ ಕ್ಷಣಕ್ಕೆ ರ‍್ಯಾಮ್ ಕೂಡ ಸಿದ್ಧವಾಗಿರುವುದಿಲ್ಲ, ಅದನ್ನು ಎಬ್ಬಿಸುವುದೂ ಬಯೋಸಿನ ಕೆಲಸವೇ. ಬಳಿಕ ಅದು ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಓದುತ್ತದೆ. 512 ಬೈಟು. ಅದರಲ್ಲಿ 446 ಬೈಟು ಆಜ್ಞೆಗಳಿಗೆ, 64 ಬೈಟು ಡಿಸ್ಕನ್ನು ಹೇಗೆ ಭಾಗ ಮಾಡಿದೆ ಎಂಬ ಪಟ್ಟಿಗೆ, ಕೊನೆಯ ಎರಡು ಬೈಟು ಇದು ಬೂಟ್ ಸೆಕ್ಟರೇ ಹೌದು ಎಂಬ ಗುರುತಿಗೆ. ಈ ಒಂದು ಪ್ಯಾರಾದಷ್ಟೂ ಇಲ್ಲದ ಜಾಗದಿಂದ ಇಡೀ ಓಎಸ್ ಹೊತ್ತಿಕೊಳ್ಳಬೇಕಿತ್ತು. ಇದಕ್ಕೆ ಎಂಬಿಆರ್ ಪದ್ಧತಿ ಎಂದು ಹೆಸರು.

ಹಾಗಾಗಿ ಓಎಸ್ ಹಾಕುವಾಗ ಏನೋ ತಪ್ಪಾಗಿ ಪರದೆಯ ಮೇಲೆ ಒಂದು ಸಾಲು ಮೂಡಿದರೆ, ಆ ಸಾಲಿನ ಅರ್ಥಕ್ಕಿಂತ ಮೊದಲು ಅದನ್ನು ಹೇಳುತ್ತಿರುವುದು ಯಾರು ಎಂದು ಕೇಳಬೇಕು ಎನ್ನುವುದು ನನ್ನ ಅನುಭವ. ಪರದೆ ಕಪ್ಪಾಗಿದ್ದು ಬೀಪ್ ಬೀಪ್ ಎಂಬ ಸದ್ದು ಮಾತ್ರ ಬಂದರೆ, ಬಯೋಸಿಗೆ ಪರದೆಯವರೆಗೂ ತಲುಪಲಾಗಿಲ್ಲ. ರ‍್ಯಾಮ್ ಇಲ್ಲವೇ ಗ್ರಾಫಿಕ್ಸ್ ಕಾರ್ಡ್ ನೋಡಬೇಕು. ತಯಾರಕರ ಲಾಂಛನ ಬಂದು, ಬೂಟ್ ಮಾಡಬಹುದಾದ ಡಿಸ್ಕ್ ಇಲ್ಲ ಎಂದರೆ ಅದು ಬಯೋಸಿನದೇ ದನಿ. ಅದು ಆರೋಗ್ಯವಾಗಿದೆ, ಮುಂದಿನವರು ಸಿಕ್ಕಿಲ್ಲ. 'ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಂ' ಎಂಬ ಸಾಲು ಬಂದರೆ ಇನ್ನೊಂದು ಮೆಟ್ಟಿಲು ದಾಟಿದೆ, ಏಕೆಂದರೆ ಆ ಮೂರು ಪದಗಳು ಇರುವುದೇ ಆ 446 ಬೈಟುಗಳ ಒಳಗೆ. 'ಗ್ರಬ್ ರೆಸ್ಕ್ಯೂ' ಎಂದು ಬಂದು ಗೆರೆಯೊಂದು ಮಿನುಗುತ್ತ ನಿಂತರೆ, ಲಿನಕ್ಸನ್ನು ಎಬ್ಬಿಸುವ ಗ್ರಬ್ ತಂತ್ರಾಂಶದ ಮೊದಲ ತುಣುಕು ಎದ್ದಿದೆ, ತನ್ನದೇ ಉಳಿದ ಭಾಗ ಎಲ್ಲಿದೆಯೋ ಅದಕ್ಕೆ ಗೊತ್ತಾಗುತ್ತಿಲ್ಲ. ಲಿನಕ್ಸ್ ಬೇಡವೆಂದು ವಿಂಡೋಸಿನ ಒಳಗಿನಿಂದ ಅದರ ಪಾರ್ಟಿಷನ್ ಅಳಿಸಿದವರ ಮನೆಯಲ್ಲಿ ಮರುದಿನ ಬೆಳಿಗ್ಗೆ ಕಾಣುವ ಸಾಲು ಇದು. ನೀಲಿ ಪರದೆ ಬಂದರಂತೂ ವಿಂಡೋಸಿನ ತಿರುಳೇ ಎದ್ದು ನಿಂತು ಮಾತಾಡುತ್ತಿದೆ ಎಂದರ್ಥ. ಜನ ಅದಕ್ಕೆ ಹೆದರುತ್ತಾರೆ. ಹುಡುಕುವವನ ಕಣ್ಣಿಗೆ ಬೆಂಕಿ ಕುಂಟೆಯವರೆಗೂ ತಲುಪಿದ ಸುದ್ದಿ ಅದು.

ನಮ್ಮ ಯಂತ್ರದಲ್ಲಿ ಮಾತಾಡುತ್ತಿದ್ದದ್ದು ವಿಂಡೋಸಿನ ಸೆಟಪ್. ಪೆನ್‌ಡ್ರೈವಿನಿಂದ ಅದು ಎದ್ದಿದೆ, ಎಸ್‌ಎಸ್‌ಡಿಯನ್ನು ಕಂಡಿದೆ, ಅದರ ಮೇಲೆ ಬರೆಯಲು ತೊಡಗಿದೆ. ಅಂದರೆ ಹೆಚ್ಚಿನ ಮನೆಗಳಲ್ಲಿ ಓಎಸ್ ಹಾಕುವ ಕೆಲಸ ಕೆಡುವ ಜಾಗವನ್ನು ನಮ್ಮ ಹುಡುಗ ಆಗಲೇ ದಾಟಿದ್ದ. ಆ ಜಾಗ ಯಾವುದೆಂದು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಓದುವವರಲ್ಲಿ ಬಹಳ ಮಂದಿ ಅಲ್ಲೇ ಸಿಕ್ಕಿಕೊಂಡಿರುತ್ತಾರೆ.

ಎಂಬಿಆರ್ ಪದ್ಧತಿಯಲ್ಲಿ ಸೆಕ್ಟರುಗಳ ಸಂಖ್ಯೆ ಬರೆಯಲು 32 ಬಿಟ್ಟುಗಳ ಜಾಗವಿದೆ. ಅಷ್ಟರಲ್ಲಿ ಬರೆಯಬಹುದಾದದ್ದು 429 ಕೋಟಿ ಚಿಲ್ಲರೆಯವರೆಗಿನ ಸಂಖ್ಯೆ. ಸೆಕ್ಟರಿಗೆ 512 ಬೈಟಿನ ಲೆಕ್ಕದಲ್ಲಿ 2.2 ಟೆರಾಬೈಟಿಗೆ ದಾರಿ ಮುಗಿಯುತ್ತದೆ. ಪಾರ್ಟಿಷನ್ನುಗಳ ಪಟ್ಟಿಯಲ್ಲಿ ಇರುವುದೂ ನಾಲ್ಕೇ ಸಾಲು. 1983ರಲ್ಲಿ ಹತ್ತು ಮೆಗಾಬೈಟಿನ ಡಿಸ್ಕಿಗೆ ಇದು ಸಮುದ್ರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಮುಂದೆ ಇಂಟೆಲ್ ತನ್ನ ಇಟೇನಿಯಂ ಯಂತ್ರಗಳಿಗಾಗಿ ಇಎಫ್‌ಐ ಎಂಬ ಹೊಸ ಏರ್ಪಾಡು ಮಾಡಿತು. 2005ರಲ್ಲಿ ಹಲವು ಕಂಪನಿಗಳು ಕೂಡಿ ಅದನ್ನು ಯುಇಎಫ್‌ಐ ಎಂದು ಬೆಳೆಸಿದವು. ಅದರೊಂದಿಗೆ ಬಂದ ಪಾರ್ಟಿಷನ್ ಪದ್ಧತಿ ಜಿಪಿಟಿ. ಯುಇಎಫ್‌ಐಗೆ ಮೊದಲ ಸೆಕ್ಟರಿನ ಆಜ್ಞೆಗಳು ಬೇಕಿಲ್ಲ. ಅದು ಫ್ಯಾಟ್32 ಪದ್ಧತಿಯ ಪುಟ್ಟ ಪಾರ್ಟಿಷನ್ನೊಂದನ್ನು ತಾನೇ ತೆರೆದು, ಒಳಗಿನ ಕಡತವನ್ನು ಹೆಸರು ಹಿಡಿದು ಓಡಿಸಬಲ್ಲದು.

ತೊಡಕೆಂದರೆ ಬಹಳ ವರ್ಷಗಳ ಕಾಲ ಬಂದ ಮದರ್‌ಬೋರ್ಡುಗಳಲ್ಲಿ ಹಳೆಯ ದಾರಿ, ಹೊಸ ದಾರಿ ಎರಡೂ ಇದ್ದವು. ಬೂಟ್ ಮೆನು ತೆರೆದರೆ ಒಂದೇ ಪೆನ್‌ಡ್ರೈವಿನ ಹೆಸರು ಎರಡು ಸಲ ಕಾಣುತ್ತದೆ, ಒಂದರ ಹಿಂದೆ ಯುಇಎಫ್‌ಐ ಎಂದು ಬರೆದಿರುತ್ತದೆ. ಎರಡೂ ಒಂದೇ ಎಂದುಕೊಂಡು ಯಾವುದನ್ನೋ ಒತ್ತುತ್ತೇವೆ. ಆದರೆ ಸೆಟಪ್ ಯಾವ ದಾರಿಯಲ್ಲಿ ಎದ್ದಿತೋ ಅದೇ ದಾರಿಗೆ ಹೊಂದುವ ಡಿಸ್ಕನ್ನು ಬಯಸುತ್ತದೆ. ಯುಇಎಫ್‌ಐ ದಾರಿಯಲ್ಲಿ ಎದ್ದ ವಿಂಡೋಸ್ ಸೆಟಪ್ಪಿಗೆ ಎಂಬಿಆರ್ ಡಿಸ್ಕ್ ತೋರಿಸಿದರೆ, ಈ ಡಿಸ್ಕಿನಲ್ಲಿ ಹಾಕಲಾಗದು, ಜಿಪಿಟಿ ಬೇಕು ಎಂದು ನೇರವಾಗಿ ಹೇಳಿಬಿಡುತ್ತದೆ. ಡಿಸ್ಕ್ ಕೆಟ್ಟಿದೆಯೆಂದು ತಿಳಿದು ಹೊಸದು ಕೊಂಡವರನ್ನು ನಾನು ಬಲ್ಲೆ. ಕೆಟ್ಟಿದ್ದು ಯಾವುದೂ ಇರಲಿಲ್ಲ. ಖಾಲಿ ಡಿಸ್ಕಾದರೆ ಅದರ ಎಲ್ಲ ಪಾರ್ಟಿಷನ್ ಅಳಿಸಿ ಜಿಪಿಟಿಗೆ ಬದಲಿಸಿದರೆ ಮುಗಿಯಿತು. ಒಳಗೆ ವಿಂಡೋಸ್ 10 ಆಗಲೇ ಇದ್ದರೆ, 2017ರಿಂದ ಅದರ ಜೊತೆಗೇ ಬರುತ್ತಿರುವ ಎಂಬಿಆರ್2ಜಿಪಿಟಿ ಎಂಬ ಸಾಧನ ಏನನ್ನೂ ಅಳಿಸದೆ ಬದಲಿಸಿಕೊಡುತ್ತದೆ. ಆದರೂ ಮೊದಲು ನಕಲು ಮಾಡಿಟ್ಟುಕೊಳ್ಳಿ ಎಂದೇ ಹೇಳುತ್ತೇನೆ.

ಹೊಸ ಲ್ಯಾಪ್‌ಟಾಪುಗಳ ಕಥೆ ಬೇರೆ. ಇಂಟೆಲ್ 11ನೇ ಪೀಳಿಗೆಯಿಂದೀಚೆಗಿನ ಹಲವು ಯಂತ್ರಗಳಲ್ಲಿ ಎಸ್‌ಎಸ್‌ಡಿ ವಿಎಂಡಿ ಎಂಬ ಮಧ್ಯವರ್ತಿಯ ಹಿಂದೆ ಕೂತಿರುತ್ತದೆ. ಅದರ ಡ್ರೈವರ್ ಇಲ್ಲದ ಸೆಟಪ್ಪಿಗೆ ಡಿಸ್ಕುಗಳ ಪಟ್ಟಿಯೇ ಖಾಲಿ. ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿ ಅಲ್ಲೇ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ಬಯೋಸಿನಲ್ಲಿ ವಿಎಂಡಿಯನ್ನು ಆಫ್ ಮಾಡುವ ದಾರಿಯೂ ಇದೆ, ಆದರೆ ಆಗ ಡಿಸ್ಕಿನಲ್ಲಿ ಮೊದಲೇ ಇದ್ದ ವಿಂಡೋಸ್ ಏಳದೇ ಹೋಗಬಹುದು. ಬಿಟ್‌ಲಾಕರ್ ಬೀಗ ಬಿದ್ದಿರುವ ಯಂತ್ರದಲ್ಲಿ ಇಂಥ ಬದಲಾವಣೆ ಮಾಡಿದರೆ 48 ಅಂಕಿಗಳ ಕೀಲಿ ಕೇಳುತ್ತದೆ. ಆ ಕೀಲಿ ಎಲ್ಲಿದೆ ಎಂದು ಗೊತ್ತಿಲ್ಲದವರು ಬಯೋಸನ್ನು ಮುಟ್ಟಲೇಬಾರದು.

ಸಾಗರಕ್ಕೆ ಮರಳೋಣ.

0ಎಕ್ಸ್80070570 ಎಂಬುದು ಮಂತ್ರದಂತೆ ಕಂಡರೂ ಬಿಡಿಸಬಹುದಾದ ಒಗಟು. 'ಸೊನ್ನೆ ಎಕ್ಸ್' ಎಂದರೆ ಮುಂದಿನದು ಹದಿನಾರರ ಲೆಕ್ಕದ ಸಂಖ್ಯೆ. 8007 ಎಂಬ ಭಾಗ ಇದು ವಿಂಡೋಸಿನ ಹಳೆಯ ತಪ್ಪುಪಟ್ಟಿಯಿಂದ ಬಂದದ್ದು ಎಂದು ತಿಳಿಸುತ್ತದೆ. ಉಳಿದ 0570ನ್ನು ನಮ್ಮ ಹತ್ತರ ಲೆಕ್ಕಕ್ಕೆ ತಂದರೆ, 5ನ್ನು 256ರಿಂದ ಗುಣಿಸಿ 1280, 7ನ್ನು 16ರಿಂದ ಗುಣಿಸಿ 112, ಒಟ್ಟು 1392. ಪಟ್ಟಿಯಲ್ಲಿ 1392ನೇ ತಪ್ಪು: ಕಡತ ಕೆಟ್ಟಿದೆ, ಓದಲಾಗುತ್ತಿಲ್ಲ. ಕೊನೆಯಲ್ಲಿ 0005 ಇದ್ದರೆ ಅದು ಐದನೇ ತಪ್ಪು, ಅನುಮತಿ ಇಲ್ಲ ಎಂದು. ಹುಡುಗ ಇದನ್ನು ತಾನೇ ಒಮ್ಮೆ ಗುಣಿಸಿ ನೋಡಿದ. ಆಮೇಲೆ ಕೇಳಿದ ಪ್ರಶ್ನೆ ನನಗೆ ತುಂಬ ಹಿಡಿಸಿತು: "ಕಡತ ಕೆಟ್ಟಿದ್ದರೆ ಪ್ರತಿ ಸಲ ಒಂದೇ ಕಡೆ ನಿಲ್ಲಬೇಕಲ್ವಾ ಮಾವ?"

ಹೌದು. ಕೆಟ್ಟ ಪುಟ ಪುಸ್ತಕದಲ್ಲಿ ಇದ್ದಲ್ಲೇ ಇರುತ್ತದೆ. ತೊಡಕು ಜಾಗ ಬದಲಿಸುತ್ತಿದ್ದರೆ ಪುಸ್ತಕದ ಜೊತೆಗೆ ಓದುವ ಕಣ್ಣನ್ನೂ ಅನುಮಾನಿಸಬೇಕು.

ಆದರೂ ಸುಲಭದ್ದನ್ನು ಮೊದಲು ಪರೀಕ್ಷಿಸಬೇಕು. ಅವನು ಇದೇ ಯಂತ್ರದಲ್ಲಿ ಇಳಿಸಿಕೊಂಡಿದ್ದ ವಿಂಡೋಸಿನ ಐಎಸ್‌ಒ ಕಡತದ ಒಂದು ಪ್ರತಿ ಬೇರೊಂದು ಪೆನ್‌ಡ್ರೈವಿನಲ್ಲಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅದರ ಶಾ-256 ಮುದ್ರೆ ತೆಗೆದೆ. ಇದು ಕಡತದ ಬೆರಳಚ್ಚು ಇದ್ದಂತೆ. ಕಡತ ಎಷ್ಟೇ ದೊಡ್ಡದಿರಲಿ, ಲೆಕ್ಕದ ಕೊನೆಗೆ 64 ಅಕ್ಷರಗಳ ಒಂದು ಸಾಲು ಬರುತ್ತದೆ. ಕಡತದ ಒಂದೇ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಮೈಕ್ರೋಸಾಫ್ಟ್ ಪ್ರಕಟಿಸಿದ್ದ ಸಾಲಿಗೂ ಇದಕ್ಕೂ ತಾಳೆಯಾಗಲಿಲ್ಲ. ಕಡತ ಕೆಟ್ಟಿತ್ತು, ನಿಜ. ನನ್ನ ಫೋನಿನ ಇಂಟರ್‌ನೆಟ್ಟಿನಲ್ಲಿ ಹೊಸದಾಗಿ ಇಳಿಸಿಕೊಂಡೆವು, ರಾತ್ರಿಯಿಡೀ ಹಿಡಿಯಿತು. ಬೆಳಿಗ್ಗೆ ಮುದ್ರೆ ಸರಿಹೊಂದಿತು. ಲ್ಯಾಪ್‌ಟಾಪಿನಲ್ಲೇ ಪೆನ್‌ಡ್ರೈವ್ ಸಿದ್ಧಮಾಡಿದೆ. ಬರೀ ಎಳೆದು ಹಾಕುವ ಕೆಲಸವಲ್ಲ ಅದು. ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ, ವಿಂಡೋಸಿನ ಮುಖ್ಯ ಕಡತ ಅನೇಕ ಸಲ ಅದನ್ನು ಮೀರುತ್ತದೆ. ರುಫಸ್‌ನಂಥ ತಂತ್ರಾಂಶ ಇದಕ್ಕೊಂದು ಉಪಾಯ ಮಾಡಿಕೊಡುತ್ತದೆ.

ಹೊಸ ಪೆನ್‌ಡ್ರೈವ್ ಚುಚ್ಚಿದೆವು. 58ಕ್ಕೆ ನಿಂತಿತು.

ಆ ಕ್ಷಣದಲ್ಲಿ ಮನಸ್ಸು ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹಂಬಲಿಸುತ್ತದೆ. ಕೇಬಲ್, ಪೋರ್ಟು, ಬಯೋಸ್ ಆಯ್ಕೆ, ಎಲ್ಲ. ಹಾಗೆ ಮಾಡಿ ಅಕಸ್ಮಾತ್ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಅದೇ ತೊಂದರೆ ಇನ್ನೊಂದು ದಿನ ಮರಳಿ ಬರುತ್ತದೆ. ನಾವು ಒಂದನ್ನೇ ಬದಲಿಸಿದೆವು: ಓಎಸ್. ನನ್ನ ಚೀಲದಲ್ಲಿದ್ದ ಉಬುಂಟು ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿದೆ. ಉಬುಂಟುವನ್ನು ಡಿಸ್ಕಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಬಳಸಬಹುದು. ಮೊದಲ ಪರದೆಯ ಭಾಷೆಗಳ ಪಟ್ಟಿಯಲ್ಲಿ 'ಕನ್ನಡ' ಎಂದು ಕಂಡು ಅಕ್ಕ ಪಕ್ಕಕ್ಕೆ ಬಂದು ಕೂತಳು. ಹತ್ತು ನಿಮಿಷ ಚೆನ್ನಾಗಿಯೇ ಓಡಿತು, ಆಮೇಲೆ ಬ್ರೌಸರ್ ತಾನಾಗಿ ಮುಚ್ಚಿಕೊಂಡಿತು. ಇನ್ನೊಮ್ಮೆ ತೆರೆದರೆ ಇನ್ನೊಮ್ಮೆ.

ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಎರಡು ಓಎಸ್‌ಗಳು ಎರಡು ಬಗೆಯಲ್ಲಿ ಎಡವುತ್ತಿವೆ ಎಂದರೆ ತಪ್ಪು ಅವುಗಳ ಕಾಲಡಿಯ ನೆಲದಲ್ಲಿದೆ. ಎಸ್‌ಎಸ್‌ಡಿಯನ್ನು ಉಬುಂಟು ಮುಟ್ಟಿಯೇ ಇರಲಿಲ್ಲ, ಹಾಗಾಗಿ ಅದು ಪಾರಾಯಿತು. ಉಳಿದದ್ದು ರ‍್ಯಾಮ್, ಪವರ್ ಸಪ್ಲೈ, ಮದರ್‌ಬೋರ್ಡು, ಪ್ರೊಸೆಸರ್. ಇಲ್ಲಿ ಹುಡುಗನ ಕೈಯಲ್ಲೇ ಒಂದು ಪ್ರಯೋಗ ಮಾಡಿಸಿದೆ. ತಾಳೆ ನೋಡಿ ಇಟ್ಟಿದ್ದ ಹೊಸ ಐಎಸ್‌ಒ ಕಡತ ನನ್ನ ಹೊರಗಿನ ಡಿಸ್ಕಿನಲ್ಲಿತ್ತು. ಅದೇ ಕಡತದ ಮುದ್ರೆಯನ್ನು ಈ ಯಂತ್ರದಲ್ಲಿ ತೆಗೆದ. ಡಿಸ್ಕ್ ಕಿತ್ತು ಮತ್ತೆ ಚುಚ್ಚಿ ಇನ್ನೊಮ್ಮೆ ತೆಗೆದ. ಎರಡು ಸಲ ಎರಡು ಬೇರೆ ಬೇರೆ ಸಾಲು ಬಂದವು, ಎರಡೂ ತಪ್ಪು. ಅವನು ನೋಟ್‌ಬುಕ್ಕನ್ನೇ ದಿಟ್ಟಿಸುತ್ತ ಕೂತ. ಒಂದೇ ಲೆಕ್ಕಕ್ಕೆ ಎರಡು ಉತ್ತರ ಕೊಡುವ ಕಂಪ್ಯೂಟರನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ. ನನ್ನ ಅನುಮಾನ ಮೊದಲು ಹೋದದ್ದು ರ‍್ಯಾಮಿನ ಮೇಲೆ.

ನಾವು ಬಳಸುವ ರ‍್ಯಾಮ್ ಡಿರ‍್ಯಾಮ್ ಜಾತಿಯದ್ದು. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿದ್ಯೆ. ಒಂದೊಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುತ್ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೆ ಅದು ತೂತು ಬಿದ್ದ ಕೊಡ, ತುಂಬಿಸಿದ್ದು ಸೋರುತ್ತಲೇ ಇರುತ್ತದೆ. ಅದಕ್ಕಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಎಲ್ಲ ಸಾಲುಗಳನ್ನೂ ಓದಿ ಮತ್ತೆ ತುಂಬಿಸಬೇಕು. 4 ಜಿಬಿಯ ಒಂದು ಪಟ್ಟಿಯಲ್ಲಿ ಇಂಥ ಕೊಡಗಳು ಸುಮಾರು 3,436 ಕೋಟಿ. ಅವುಗಳಲ್ಲಿ ಯಾವುದೋ ಒಂದು ತುಸು ಬೇಗ ಸೋರತೊಡಗಿದರೆ, ಒಂದು ಎಂದು ಬರೆದದ್ದು ಸೊನ್ನೆಯಾಗಿ ಓದಿಕೊಳ್ಳುತ್ತದೆ. ಯಂತ್ರ ಏಳುವಾಗ ಬಯೋಸ್ ಮಾಡುವ ಪರೀಕ್ಷೆ ಬಾಗಿಲು ತಟ್ಟಿ ನೋಡಿದಷ್ಟೇ, ಕೊಡಗಳನ್ನು ಅದು ಎಣಿಸುವುದಿಲ್ಲ.

ಹಾಗಾದರೆ ಇಷ್ಟು ದಿನ ಹಳೆಯ ವಿಂಡೋಸ್ 7 ನಡೆದದ್ದು ಹೇಗೆ? ಕೇಳಿದಾಗ ಅಕ್ಕ ನೆನಪು ಮಾಡಿಕೊಂಡಳು. ಎರಡು ವರ್ಷದಿಂದ ಆಗಾಗ ನೀಲಿ ಪರದೆ ಬರುತ್ತಿತ್ತು. ವೈರಸ್ ಎಂದು ಎರಡು ಸಲ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದ್ದಾಯಿತು, ದುಡ್ಡೂ ಹೋಯಿತು. ಪತ್ರ ಬರೆಯುವುದು, ಹಾಡು ಕೇಳುವುದು ಇಷ್ಟಕ್ಕೆ ರ‍್ಯಾಮಿನ ಬಹುಭಾಗ ಬಳಕೆಗೇ ಬರುವುದಿಲ್ಲ. ಓಎಸ್ ಹಾಕುವಾಗ ಹಾಗಲ್ಲ. ಸಾವಿರಾರು ಕಡತಗಳನ್ನು ಒತ್ತಿ ಮಡಿಚಿದ ಒಂದು ದೊಡ್ಡ ಗಂಟನ್ನು ರ‍್ಯಾಮಿನಲ್ಲಿ ಬಿಚ್ಚಬೇಕು. ಹೀಗೆ ಮಡಿಚಿದ್ದರಲ್ಲಿ ಹಿಂದಿನದನ್ನು ನೆಚ್ಚಿಕೊಂಡೇ ಮುಂದಿನದನ್ನು ಬಿಡಿಸಬೇಕಾಗುತ್ತದೆ, ಆದ್ದರಿಂದ ಒಂದು ಬಿಟ್ ತಪ್ಪಿದರೆ ಅಲ್ಲಿಂದಾಚೆ ಇಡೀ ತುಂಡು ಕಲಸಿಹೋಗುತ್ತದೆ. ವಿಂಡೋಸಿನ ಆ ಗಂಟಿನಲ್ಲಿ ಪ್ರತಿ ಕಡತಕ್ಕೂ ಒಂದು ಮುದ್ರೆ ಕಟ್ಟಿರುತ್ತದೆ. ಬಿಚ್ಚಿದ್ದು ಮುದ್ರೆಗೆ ತಾಳೆಯಾಗದಿದ್ದರೆ ಸೆಟಪ್ ಕೆಲಸ ನಿಲ್ಲಿಸಿ 1392 ಎನ್ನುತ್ತದೆ. ಅದು ಕಂಡದ್ದನ್ನೇ ಹೇಳುತ್ತಿತ್ತು. ಕೆಡಿಸಿದವರು ಯಾರೆಂದು ಅದಕ್ಕೆ ಕಾಣುವಂತಿರಲಿಲ್ಲ. ಮೊದಲು ಇಳಿಸಿದ ಐಎಸ್‌ಒ ಕೆಟ್ಟದ್ದೂ ಇದೇ ರ‍್ಯಾಮನ್ನು ಹಾದು ಬಂದದ್ದರಿಂದಲೇ ಇರಬೇಕು ಎಂದು ಈಗ ಅನ್ನಿಸಿತು.

ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ಕ್ರಿಸ್ ಬ್ರೇಡಿ ಎಂಬವರು 1994ರಲ್ಲಿ ಬರೆದರು. ಅದರ ವಂಶದ ತಂತ್ರಾಂಶಗಳು ಇಂದಿಗೂ ಉಚಿತವಾಗಿ ಸಿಗುತ್ತವೆ. ಇದು ಯಾವ ಓಎಸ್ಸೂ ಇಲ್ಲದೆ ನೇರವಾಗಿ ಪೆನ್‌ಡ್ರೈವಿನಿಂದ ಏಳುತ್ತದೆ, ಏಕೆಂದರೆ ಓಎಸ್ ಕೂತಿರುವ ಜಾಗವನ್ನು ಪರೀಕ್ಷಿಸಲಾಗದು. ರ‍್ಯಾಮಿನ ತುಂಬ ಸೊನ್ನೆ ಬರೆದು ಓದುತ್ತದೆ, ಒಂದು ಬರೆದು ಓದುತ್ತದೆ, ಒಂದು ಬಿಟ್ಟು ಒಂದರಂತೆ ಬರೆದು ಓದುತ್ತದೆ. ಮಧ್ಯಾಹ್ನ ಊಟದ ಮುಂಚೆ ಹಚ್ಚಿದೆವು. ಇಪ್ಪತ್ತು ನಿಮಿಷ ಏನೂ ಇಲ್ಲ. ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಪರದೆಯ ಕೆಳಗಿನಿಂದ ಕೆಂಪು ಸಾಲುಗಳು ಏರುತ್ತಿದ್ದವು. ವಿಳಾಸಗಳು ಬೇರೆ ಬೇರೆ, ತಪ್ಪುತ್ತಿದ್ದ ಬಿಟ್ ಮಾತ್ರ ಪ್ರತಿ ಸಾಲಿನಲ್ಲೂ ಒಂದೇ.

ರ‍್ಯಾಮ್ ಪಟ್ಟಿಗಳು ಎರಡಿದ್ದವು. ಮಲೆನಾಡಿನ ಮಳೆಗಾಲದಲ್ಲಿ ನಾನು ಮೊದಲು ಮಾಡುವುದು ಪಟ್ಟಿ ಕಳಚಿ, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಈ ಸಲ ಆಗಲಿಲ್ಲ. ಒಂದು ಪಟ್ಟಿ ತೆಗೆದಿಟ್ಟು ಪರೀಕ್ಷಿಸಿದೆವು, ಕೆಂಪು ಸಾಲು ಬಂತು. ಒಳಗಿದ್ದದ್ದನ್ನು ತೆಗೆದು ಇನ್ನೊಂದನ್ನು ಅದೇ ಸ್ಲಾಟಿನಲ್ಲಿ ಕೂರಿಸಿದೆವು, ಬರಲಿಲ್ಲ. ಮೊದಲಿನದನ್ನು ಪಕ್ಕದ ಸ್ಲಾಟಿಗೆ ಹಾಕಿದೆವು, ಮತ್ತೆ ಬಂತು. ತಪ್ಪು ಪಟ್ಟಿಯ ಜೊತೆ ಹೋಗುತ್ತಿತ್ತು, ಸ್ಲಾಟಿನ ಜೊತೆ ಉಳಿಯುತ್ತಿರಲಿಲ್ಲ. ಅಲ್ಲಿಗೆ ಮದರ್‌ಬೋರ್ಡೂ ಪಾರಾಯಿತು.

ಉಳಿದ 4 ಜಿಬಿಯಲ್ಲೇ ಐಎಸ್‌ಒ ಮುದ್ರೆಯನ್ನು ಇನ್ನೆರಡು ಸಲ ತೆಗೆಸಿದೆ. 64 ಅಕ್ಷರಗಳೂ ಎರಡೂ ಸಲ ತಾಳೆಯಾದವು. ಆಮೇಲೆ ಸೆಟಪ್. ಎಸ್‌ಎಸ್‌ಡಿಯಾದ್ದರಿಂದ ಕಾಲು ಗಂಟೆಯೂ ಹಿಡಿಯಲಿಲ್ಲ. ಮೊದಲ ಸಲ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ಕಿತ್ತುಕೊಳ್ಳಬೇಕು, ಇಲ್ಲದಿದ್ದರೆ ಕೆಲವು ಯಂತ್ರಗಳು ಮತ್ತೆ ಸೆಟಪ್ಪನ್ನೇ ಎಬ್ಬಿಸುತ್ತವೆ. ಹುಡುಗ ಅದನ್ನು ನಾನು ಹೇಳುವ ಮೊದಲೇ ಕಿತ್ತಿದ್ದ.

ಸಂಜೆ ಯಂತ್ರ ಆರಿಸಿ ಹಳೆಯ ಹಾರ್ಡ್‌ಡಿಸ್ಕಿನ ಕೇಬಲ್ ಜೋಡಿಸಿದೆವು. ಅಕ್ಕ ತಾನೇ ಮೌಸ್ ಹಿಡಿದು ಫೋಟೋಗಳ ಫೋಲ್ಡರ್ ತೆರೆದಳು. ಅಪ್ಪ ಅಡಿಕೆ ಚಪ್ಪರದ ಕೆಳಗೆ, ಅಪ್ಪ ಮೊಮ್ಮಗನ ಉಪನಯನದಲ್ಲಿ, ಎಲ್ಲ ಇದ್ದವು. ಆಮೇಲೆ ಒಂದು ಫೋಟೋ ಬಂತು, ಮುಖದ ಕೆಳಗಿನಿಂದ ಇಡೀ ಚಿತ್ರ ಬೂದು ಬಣ್ಣ. ಇನ್ನೆರಡು ಹಾಗೆಯೇ ಸಿಕ್ಕವು. ಫೋಟೋ ಕಡತವೂ ಒತ್ತಿ ಮಡಿಚಿದ ಗಂಟೇ, ಒಂದು ಬಿಟ್ ತಪ್ಪಿದಲ್ಲಿಂದ ಕೆಳಗಿನದು ಬಿಡಿಸಿಕೊಳ್ಳುವುದಿಲ್ಲ. ಮೂರೂ ಎರಡು ವರ್ಷದ ಈಚೆಗೆ ಕ್ಯಾಮೆರಾದಿಂದ ಈ ಯಂತ್ರಕ್ಕೆ ತುಂಬಿಸಿದವು, ಕೆಟ್ಟ ರ‍್ಯಾಮನ್ನು ಹಾದು ಬಂದವು.

"ಕಾರ್ಡು ಇದೆಯಾ ಅಕ್ಕ?" ಎಂದೆ. ಅವಳು ಒಳಗೆ ಹೋಗಿ ಬೀರುವಿನಿಂದ ಒಂದು ಕುಂಕುಮದ ಡಬ್ಬಿ ತಂದಳು. ಅದರೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಕ್ಯಾಮೆರಾದ ಮೆಮೊರಿ ಕಾರ್ಡ್ ಇತ್ತು. ಆ ಎರಡು ವರ್ಷದ ಒಂದೊಂದೇ ಫೋಟೋವನ್ನು ಕಾರ್ಡಿನ ಪ್ರತಿಯ ಜೊತೆ ತಾಳೆ ನೋಡುತ್ತ ನಾವು ಮೂವರೂ ರಾತ್ರಿ ಹನ್ನೊಂದರವರೆಗೆ ಕೂತಿದ್ದೆವು.